ಕಾರ್ಡು ನಿಂತ ಗಡಿ

ನಮ್ಮ ಘಾಜಿಯಾಬಾದಿನ ವೈಶಾಲಿಯಲ್ಲಿ ಮೆಟ್ರೋ ಹತ್ತಿದರೆ ಮೊದಲು ಕೌಶಾಂಬಿ, ಆಮೇಲೆ ಆನಂದ್ ವಿಹಾರ್. ಅಷ್ಟರಲ್ಲಿ ಉತ್ತರ ಪ್ರದೇಶ ಮುಗಿದು ದೆಹಲಿ ಬಂದಿರುತ್ತದೆ. ಹಬ್ಬದ ಸಾಮಾನಿಗೂ ಸಂಗೀತ ಕಚೇರಿಗೂ ಆಚೆ ಹೋಗಿಬರುವ ನಮಗೆ ಅದೊಂದು ಗಡಿ ಎಂದು ಅನ್ನಿಸಿಯೇ ಇರಲಿಲ್ಲ.

2024ರ ಅಕ್ಟೋಬರ್ 29ರಂದು, ಆದಾಯ ಎಷ್ಟೇ ಇರಲಿ, 70 ತುಂಬಿದವರಿಗೆಲ್ಲ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಚಿಕಿತ್ಸೆ ಜಾರಿಗೆ ಬಂತು. ಹಾಸನದಿಂದ ಬಂದು ನಮ್ಮೊಡನಿರುವ ಅತ್ತೆಯವರಿಗೂ ಕಾರ್ಡು ಮಾಡಿಸಿದೆವು. ಜನವರಿಯಲ್ಲಿ ಅವರಿಗೆ ಪಿತ್ತಕೋಶದ ಕಲ್ಲಿನ ನೋವು ಶುರುವಾದಾಗಲೇ ತಿಳಿದದ್ದು, ದೆಹಲಿ ಇನ್ನೂ ಈ ಯೋಜನೆಗೆ ಸೇರಿಲ್ಲವೆಂದು. ನಾವು ನಂಬಿದ್ದ ಡಾಕ್ಟರು ಇದ್ದದ್ದು ಆಚೆ! ದೆಹಲಿ ಸೇರಿದ್ದು 2025ರ ಏಪ್ರಿಲ್‌ನಲ್ಲಿ.

ಕೊನೆಗೆ ಈಚೆಯ ಆಸ್ಪತ್ರೆಯಲ್ಲೇ ಆಪರೇಷನ್ ಆಯಿತು. ಬಿಲ್ಲಿನ ಚಿಂತೆ ಇರಲಿಲ್ಲ. ಆದರೆ ಅತ್ತೆಗೆ ಹಿಂದಿ ಬಾರದು. “ಹೊಟ್ಟೆ ತೊಳಸ್ತಿದೆ, ಪಕ್ಕೆ ಹಿಡ್ಕೊಂಡಿದೆ” ಎಂದರೆ ನರ್ಸಿಗೆ ಹೇಳಲು ನಾನೇ ಎರಡು ರಾತ್ರಿ ಮಂಚದ ಬಳಿ ಕೂತೆ.

ಊರಿನಿಂದ ಹಿರಿಯರನ್ನು ಕರೆತಂದಿರುವ ಬಂಧುಗಳೇ, ಕಾರ್ಡು ನಡೆಯುವ ಆಸ್ಪತ್ರೆ ಯಾವುದೆಂದು ಕಾಯಿಲೆಗೆ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ. ಕನ್ನಡದಲ್ಲಿ ಮಾತಾಡಿಸಲು ಯಾರಾದರೂ ಬೇಕಾದರೆ ಸಂಘಕ್ಕೆ ತಿಳಿಸಿ, ನಾನಂತೂ ಬರುತ್ತೇನೆ.