ನೇತ್ರಾಣಿಗೆ ಹೋಪಲೆ ಹೊರಟಿದ್ದು

ಕೊನೆಕೊಯ್ಲು ಮುಗತ್ತ? ನಮ್ಮನೇಲಿ ಎರಡನೇ ಕೊಯ್ಲಿನ ಅಡಿಕೆ ಸುಲಿದು ಮುಗಿದಿದ್ದು ನಿನ್ನೆ. ಕೈಗೆ ಹತ್ತಿದ ಚೊಗರು ಇನ್ನೂ ಹೋಗಲಿಲ್ಲ, ಆದರೂ ಕೂತು ಬರೀತಾ ಇದ್ದೇನೆ. ಯಾಕೆಂದರೆ ಸುದ್ದಿ ನಿಂಗಕ್ಕೆಲ್ಲ ಹೇಗೂ ತಲುಪಿದೆ: "ಐವತ್ತೆರಡು ವರ್ಷಕ್ಕೆ ಇದಕ್ಕೆ ಎಂತ ಹುಚ್ಚು, ಸಮುದ್ರದ ಬುಡಕ್ಕೆ ಹೋಗಿ ಬಂತಡ" ಹೇಳಿ. ಅರ್ಧ ಕೇಳಿ ಇನ್ನರ್ಧ ನೀವೇ ಸೇರಿಸಿಕೊಳ್ಳೋದಕ್ಕಿಂತ ನಾನೇ ಪೂರ್ತಿ ಹೇಳಿಬಿಡ್ತೇನೆ.

ಇದು ಶುರುವಾದದ್ದು ಅಕ್ಕನಿಂದ. ಅಕ್ಕನನ್ನು ಕೊಟ್ಟಿದ್ದು ಘಟ್ಟದ ಕೆಳಗೆ, ಹೊನ್ನಾವರದ ಕಡೆ. ಅವಳ ಮನೆ ಮಾಳಿಗೆಯ ಕಿಟಕಿಯಿಂದ ಸಮುದ್ರ ಕಾಣುತ್ತದೆ. ಮೂವತ್ತೊಂದು ವರ್ಷದಿಂದ ಹಪ್ಪಳ ಒಣಗಿಸುವಾಗ, ಬಟ್ಟೆ ತೆಗೆಯುವಾಗ ಅದನ್ನೇ ನೋಡಿದ್ದಾಳೆ. ಇಳಿದದ್ದು ಮಾತ್ರ ಮೊಣಕಾಲವರೆಗೆ, ಅದೂ ಸೀರೆ ಎತ್ತಿ ಹಿಡಕೊಂಡು. "ದಿನಾ ಮೇಲಿಂದ ನೋಡ್ತಿ. ಒಳಗೆ ಎಂತ ಇದ್ದು ಹೇಳಿ ಒಂದ್ಸಲ ನೋಡವು" ಅಂತ ಅವಳು ಹೇಳಲಿಕ್ಕೆ ಹಿಡಿದು ಎಷ್ಟು ವರ್ಷವಾಯಿತೋ. ನಾವು ನಗಾಡಿ ಬಿಡುತ್ತಿದ್ದೆವು.

ಕಳೆದ ಚೌತಿಗೆ ಬಂದಾಗ ನನ್ನ ಮಗಳು ಹೇಳಿದಳು, "ದೊಡ್ಡಮ್ಮಾ, ನಗೆ ಎಂತಕ್ಕೆ? ಮುರ್ಡೇಶ್ವರದಿಂದ ನೇತ್ರಾಣಿಗೆ ಬೋಟ್ ಹೋಗ್ತು. ಈಜಲೆ ಬರದಿದ್ರೂ ಅಡ್ಡಿಲ್ಲೆ, ಒಬ್ಬರಿಗೆ ಒಬ್ಬ ಕಲಿಸುವವ ಕೈ ಹಿಡಕೊಂಡೇ ಇರ್ತ." ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಕಲ್ಲುಗುಡ್ಡದ ದ್ವೀಪ. ಅಕ್ಕ ಅಲ್ಲೇ ಹಪ್ಪಳ ಮಾರಿದ ದುಡ್ಡಿನ ಡಬ್ಬಿಯ ಲೆಕ್ಕ ಹಾಕಿದಳು. ನನಗೆ ನಿಜವಾಗಿ ಸಮುದ್ರದ ಆಸೆ ಇರಲಿಲ್ಲ. ಅಕ್ಕ ಹೋಗ್ತಾಳೆಂದರೆ ಅವಳ ಜೊತೆ ಹೋಗಬೇಕು, ಅಷ್ಟೇ. ಸಣ್ಣವಳಿದ್ದಾಗಿಂದ ಹಾಗೇ.

ಮೊದಲನೇ ತಲೆಬಿಸಿ ದಿನ ಹಿಡಿಯೋದು. ಮಳೆಗಾಲದಲ್ಲಿ ದೋಣಿಯೇ ಹೋಗುವುದಿಲ್ಲ. ಮಳೆ ಮುಗಿದ ಮೇಲೂ ಹೊಳೆಗಳು ತಂದ ಕೆಂಪು ನೀರು ತಿಳಿಯಾಗಲಿಕ್ಕೆ ಸಮಯ ಬೇಕು. ಡಿಸೆಂಬರ್, ಜನವರಿ ಹೊತ್ತಿಗೆ ಸಮುದ್ರ ಶಾಂತ, ನೀರೂ ತಿಳಿ. ಆದರೆ ನಮಗೆ ಅದೇ ಅಡಿಕೆ ಕಾಲ! ಡಿಸೆಂಬರ್ ಕೊನೇ ವಾರ ಶಾಲೆ ರಜೆ, ಜನವೋ ಜನ. ಕಡೆಗೆ ಜನವರಿಯಲ್ಲಿ, ಒಂದು ಕೊಯ್ಲು ಮುಗಿದು ಇನ್ನೊಂದು ಶುರುವಾಗುವ ನಡುವಿನ ವಾರ ಅಂತ ಆಯಿತು. ಆ ವಾರದಲ್ಲಿ ಯಾವ ದಿನ? ಇದಕ್ಕೆ ಉತ್ತರ ಕೊಟ್ಟವರು ಅಕ್ಕನ ಮನೆಗೆ ತೆಂಗಿನಕಾಯಿ ಕೊಯ್ಯಲು ಬರುವ ಹಳಬರು. ಪ್ರಾಯದಲ್ಲಿ ದೋಣಿಗೆ ಹೋಗುತ್ತಿದ್ದವರು. "ಅಮಾಸೆ, ಹುಣ್ಣಿಮೆ ಬೇಡ ಅಮ್ಮಾ, ಸೆಳೆತ ಜಾಸ್ತಿ. ಅಷ್ಟಮಿ ಆದ್ಮೇಲೆ ಹೋಗಿ." ಮಗಳು ಫೋನಿನಲ್ಲಿ ನೋಡಿದರೆ ಅದೂ ಅದೇ ಹೇಳಿತು. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ, ಚಂದ್ರ ಒಂದೇ ಸಾಲಲ್ಲಿ ಎಳೆಯುವುದರಿಂದ ಭರತ ಇಳಿತ ದೊಡ್ಡದು, ಪ್ರವಾಹವೂ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ಅದು ಕಮ್ಮಿ. ಅಲ್ಲಿಯವರೆಗೆ "ಎಂತ ಬೇಕಾಗಿತ್ತು ಇದೆಲ್ಲ" ಎನ್ನುತ್ತಿದ್ದ ನಮ್ಮನೆಯವರು ತಾವೇ ಪಂಚಾಂಗ ತೆಗೆದುಕೊಂಡು ಕೂತರು. ದಶಮಿ ದಿನ ಸಿಕ್ಕಿತು. ಮಂಗಳವಾರವಾದ್ದರಿಂದ ಜನರೂ ಕಮ್ಮಿ.

ಎರಡನೇದು ದೋಣಿ. ಗೊತ್ತಿಲ್ಲದ ಗಂಡಸರ ನಡುವೆ ಒದ್ದೆ ಬಟ್ಟೆಯಲ್ಲಿ ಕೂರೋದು ಹೇಗೆ ಹೇಳಿ ಅತ್ತಿಗೆಗೆ ಚಿಂತೆ. ಅದಕ್ಕೆ ನಾವು ಒಂಬತ್ತು ಜನ ಸೇರಿ ಇಡೀ ದೋಣಿಯನ್ನೇ ಗೊತ್ತುಮಾಡುವುದು ಎಂದಾಯಿತು. ಐದು ಜನ ನೀರಿಗೆ ಇಳಿಯುವವರು, ನಾಲ್ಕು ಜನ ಬರೀ ನೋಡುವವರು. ಮೂರು ಕಡೆ ಫೋನು ಮಾಡಿದೆ. ಕೇಳಬೇಕಾದ್ದನ್ನು ಪಂಚಾಂಗದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದೆ, ನಿಮಗೂ ಬೇಕಾದೀತು. ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ? ಒಬ್ಬ ಕಲಿಸುವವನಿಗೆ ಎಷ್ಟು ಜನ? ಕಲಿಸುವವರ ಹತ್ತಿರ ಸರ್ಟಿಫಿಕೇಟ್ ಇದೆಯಾ? ದೋಣಿಯಲ್ಲಿ ತುರ್ತಿಗೆ ಬೇರೆ ಆಕ್ಸಿಜನ್ ಸಿಲಿಂಡರ್ ಇದೆಯಾ? ಗಾಳಿ ಜೋರಾಗಿ ದೋಣಿ ಹೊರಡದಿದ್ದರೆ ದುಡ್ಡು ವಾಪಸ್ಸೋ, ಬೇರೆ ದಿನವೋ? ಮತ್ತೆ ನಾವು ಹೆಂಗಸರು ಕೇಳಲೇಬೇಕಾದ್ದು, ದೋಣಿಯಲ್ಲಿ ಪಾಯಿಖಾನೆ ಇದೆಯಾ, ಬಟ್ಟೆ ಬದಲಿಸಲಿಕ್ಕೆ ಮರೆ ಇದೆಯಾ? ಇದನ್ನು ಕೇಳಿದಾಗ ಒಬ್ಬ ನಕ್ಕ. ಅವನನ್ನು ಅಲ್ಲಿಗೇ ಬಿಟ್ಟೆ.

ಇನ್ನೊಬ್ಬನ ಹತ್ತಿರ ಎಲ್ಲ ಸರಿ ಇತ್ತು, ದರವೂ ಕಮ್ಮಿ. ಆದರೆ ಆರೋಗ್ಯದ ಫಾರ್ಮಿನ ಬಗ್ಗೆ ಕೇಳಿದರೆ, "ಎಲ್ಲದಕ್ಕೂ ಇಲ್ಲ ಅಂತ ಟಿಕ್ ಹಾಕಿ ಕಳಿಸಿ ಮೇಡಂ, ಯಾರೂ ನೋಡೋದಿಲ್ಲ" ಅಂದ. ಆಗ ಅದು ದೊಡ್ಡ ವಿಷಯ ಅನಿಸಲಿಲ್ಲ. ಆದರೂ ಮೂರನೇ ಕಡೆಗೇ ಗೊತ್ತುಮಾಡಿದೆವು, ಅಲ್ಲಿ ಪಾಯಿಖಾನೆ ಇತ್ತು ಹೇಳಿ.

ಫಾರ್ಮು ಬಂತು. ಹೃದಯ, ಬಿ.ಪಿ., ಶುಗರು, ಫಿಟ್ಸು, ಕಿವಿ ಸೋರುವುದು, ಆಪರೇಷನ್ನು, ಗರ್ಭಿಣಿಯೋ, ಎಲ್ಲ ಕೇಳಿದ್ದರು. 45 ದಾಟಿದವರಿಗೆ ಬೇರೆ ಪ್ರಶ್ನೆ. ನಾನು ನಮ್ಮ ಡಾಕ್ಟರ ಹತ್ತಿರ ಹೋಗಿ ಇ.ಸಿ.ಜಿ. ಮಾಡಿಸಿ ಸಹಿ ತಂದೆ. ಎಲ್ಲರ ಫಾರ್ಮು ತುಂಬುವ ಕೆಲಸ ನಂದೇ. ಅಕ್ಕ ರಾತ್ರಿ ಫೋನು ಮಾಡಿದಳು.

"ದಮ್ಮಿಂದು ಬರಿಯಡ ಮಾರಾಯ್ತಿ. ಆರು ತಿಂಗಳಾತು, ಪಂಪ್ ಮುಟ್ಟಿದ್ದಿಲ್ಲೆ."

"ಡಾಕ್ಟರ ಹತ್ರ ಒಂದ್ಸಲ ಕೇಳಿದ್ರೆ..."

"ಕೇಳಿದ್ರೆ ಬೇಡ ಹೇಳ್ತ. ಗೊತ್ತಿದ್ದು ಯಂಗೆ. ಜೀವಮಾನದಲ್ಲಿ ಒಂದು ಕೇಳಿದ್ದಿ ನಿನ್ ಹತ್ರ."

ಖರೆ ಹೇಳ್ತೇನೆ, ನಾನು "ಇಲ್ಲ" ಅಂತಲೇ ಟಿಕ್ ಹಾಕಿದೆ. ಅವಳು ನನ್ನ ಹತ್ತಿರ ಯಾವತ್ತೂ ಏನೂ ಕೇಳಿದವಳಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಸಣ್ಣವರಿದ್ದಾಗ ಮಳೆಗಾಲದ ರಾತ್ರಿ ಅಕ್ಕನಿಗೆ ಉಬ್ಬಸ ಬಂದರೆ ಆಯಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ ಬೆನ್ನು ತಿಕ್ಕುತ್ತಿದ್ದಳು. ನಾನು ಪಕ್ಕದಲ್ಲಿ ಕಂಬಳಿಯೊಳಗೆ ಮಲಗಿ ಅವಳ ಎದೆಯ ಸಿಳ್ಳೆಯ ಶಬ್ದ ಕೇಳುತ್ತಿದ್ದೆ. ಶಬ್ದ ನಿಂತರೆ ಹೆದರಿಕೆ, ನಿಲ್ಲದಿದ್ದರೂ ಹೆದರಿಕೆ. ಅದು ನೆನಪಾಗಿ ಎದ್ದು ಮಗಳಿಗೆ ಫೋನು ಮಾಡಿದೆ. "ದಮ್ಮು ಇದ್ದವರು ಯಾಕೆ ಇಳಿಯಬಾರದು, ನನಗೆ ಅರ್ಥ ಆಗೋ ಹಾಗೆ ಹೇಳು" ಅಂದೆ.

ಅವಳು ಹೇಳಿದ್ದು ಇಷ್ಟು. ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿದ್ದು. ಹತ್ತು ಮೀಟರ್ ಕೆಳಗೆ ಹೋದರೆ ಮೈಮೇಲಿನ ಒತ್ತಡ ಎರಡು ಪಟ್ಟು. ಅಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಅದಕ್ಕೇ ಮೊದಲನೇ ಪಾಠ, ಉಸಿರು ಕಟ್ಟಬಾರದು, ಬಿಡುತ್ತಲೇ ಇರಬೇಕು. ಸರಿಯಿದ್ದವರಿಗೆ ಆ ಗಾಳಿ ಹೊರಗೆ ಹೋಗುತ್ತದೆ. ದಮ್ಮಿನಿಂದ ಒಳಗಿನ ಸಣ್ಣ ದಾರಿಗಳು ಕಟ್ಟಿಕೊಂಡರೆ ಗಾಳಿ ಅಲ್ಲೇ ಸಿಕ್ಕಿಬಿದ್ದು, ಬಾಯಿ ಕಟ್ಟಿದ ಪುಗ್ಗೆಯ ಹಾಗೆ ಹಿಗ್ಗಿ, ಶ್ವಾಸಕೋಶ ಹರಿಯಬಹುದು. ನೀರಿನಡಿ ಪಂಪ್ ಹೊಡೆದುಕೊಳ್ಳಲಿಕ್ಕೂ ಆಗುವುದಿಲ್ಲ.

ಬೆಳಿಗ್ಗೆ ಫಾರ್ಮು ತಿದ್ದಿ ಕಳಿಸಿ, ಆಮೇಲೆ ಅಕ್ಕನಿಗೆ ಹೇಳಿದೆ. ಮೊದಲೇ ಹೇಳಿದ್ದರೆ ಅವಳ ಮಾತಿಗೆ ಸೋಲುತ್ತಿದ್ದೆ.

"ನಿಂಗೆ ತಿದ್ದಲೆ ಯಾರು ಹೇಳಿದ್ದು?" ಅಂದಳು. ಫೋನು ಇಟ್ಟಳು.

ನಾಲ್ಕು ದಿನ ಮಾತಿಲ್ಲ. ನಮ್ಮಿಬ್ಬರ ನಡುವೆ ಅಷ್ಟು ದಿನ ಮಾತು ನಿಂತದ್ದು ಅದೇ ಮೊದಲು. ದೋಣಿಯವರು ಡಾಕ್ಟರ ಸಹಿ ಇಲ್ಲದೆ ಆಗುವುದಿಲ್ಲವೆಂದರು. ಐದನೇ ದಿನ ಭಾವನೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಊದಿಸಿ ನೋಡಿದ ಡಾಕ್ಟರು ಸಿಲಿಂಡರ್ ಕಟ್ಟಿಕೊಂಡು ಇಳಿಯುವುದು ಬೇಡವೇ ಬೇಡ ಅಂದರಂತೆ. ಉಬ್ಬಸ ಇಲ್ಲದ ದಿನ, ಲೈಫ್ ಜಾಕೆಟ್ ಹಾಕಿಕೊಂಡು, ಜನ ಹಿಡಿದುಕೊಂಡು, ಮೇಲೆ ತೇಲಿ ಮುಖ ಮುಳುಗಿಸಿ ನೋಡುವುದಾದರೆ ಅಡ್ಡಿಯಿಲ್ಲ, ಪಂಪ್ ದೋಣಿಯಲ್ಲಿ ಇರಲಿ ಅಂದರು. ಅಂದು ರಾತ್ರಿ ಅಕ್ಕನ ಫೋನು ಬಂತು. "ಬೋಟಿಗೆ ಬತ್ತಿ" ಅಂದಳು. ಮತ್ತೇನೂ ಹೇಳಲಿಲ್ಲ.

ಇನ್ನೊಂದು ತೊಡಕು ಕಡೇ ಗಳಿಗೆಯಲ್ಲಿ ಗೊತ್ತಾಯಿತು. ಮಗಳು ಅದೇ ರಾತ್ರಿ ವಿಮಾನಕ್ಕೆ ಟಿಕೆಟು ಮಾಡಿದ್ದಳು. ಆಳಕ್ಕೆ ಹೋಗಿ ಬಂದವರು ಕನಿಷ್ಠ 12 ಗಂಟೆ ವಿಮಾನ ಹತ್ತಬಾರದು, ಒಂದಕ್ಕಿಂತ ಹೆಚ್ಚು ಸಲ ಇಳಿದಿದ್ದರೆ 18 ಗಂಟೆ. ಮೈಯೊಳಗೆ ಸೇರಿದ ಸಾರಜನಕ ನಿಧಾನಕ್ಕೆ ಹೊರಗೆ ಹೋಗಬೇಕು, ಗಡಿಬಿಡಿ ಮಾಡಿದರೆ ಸೋಡಾ ಬಾಟಲಿ ತೆಗೆದಂತೆ ಗುಳ್ಳೆ ಏಳಬಹುದು. ಹಾಗಾದರೆ ಅದೇ ದಿನ ಘಟ್ಟ ಹತ್ತೋದು? ಅದೂ ಎತ್ತರವೇ ಅಲ್ಲವಾ. ಹಾಗಾಗಿ ಎಲ್ಲರೂ ಆ ರಾತ್ರಿ ಅಕ್ಕನ ಮನೇಲೇ ಉಳಿಯುವುದು ಅಂತಾಯಿತು.

ಆ ದಿನ ಬೆಳಿಗ್ಗೆ ಏಳಕ್ಕೆಲ್ಲ ಮುರ್ಡೇಶ್ವರದಲ್ಲಿದ್ದೆವು. ಗಾಳಿ ಏಳುವುದು ಮಧ್ಯಾಹ್ನದ ಮೇಲೆ, ಅದಕ್ಕೇ ಬೇಗ. ಕರಿದದ್ದು ತಿನ್ನಬೇಡಿ ಅಂದಿದ್ದರು. ಎರಡೆರಡು ಇಡ್ಲಿ, ಚೂರು ಶುಂಠಿ. ವಾಂತಿ ಮಾತ್ರೆಯನ್ನು ಒಂದು ತಾಸು ಮೊದಲೇ ತೆಗೆದುಕೊಳ್ಳಬೇಕು, ಹೊಟ್ಟೆ ತೊಳಸಿದ ಮೇಲೆ ನುಂಗಿ ಪ್ರಯೋಜನವಿಲ್ಲ. ನಿದ್ದೆ ಬರುವ ಮಾತ್ರೆ ಅದು, ಡಾಕ್ಟರ ಹತ್ತಿರ ಕೇಳಿ, ಒಂದು ದಿನ ಮನೇಲಿ ತೆಗೆದುಕೊಂಡು ನೋಡಿಕೊಂಡಿದ್ದೆ. ಬಳೆ, ಬೆಂಡೋಲೆ, ಕರಿಮಣಿ ಎಲ್ಲ ಅಕ್ಕನ ಮನೆಯಲ್ಲೇ ಬಿಚ್ಚಿಟ್ಟು ಬಂದಿದ್ದೆವು. ಜಡೆ ಬಿಗಿಯಾಗಿ ಹೆಣೆಯಬೇಕು, ಮಾಸ್ಕಿನ ಅಂಚಿಗೆ ಒಂದು ಕೂದಲು ಸಿಕ್ಕಿದರೂ ನೀರು ಒಳಗೆ ಬರುತ್ತದೆ.

ಒಂದೂವರೆ ತಾಸಿನ ದಾರಿ. 123 ಅಡಿಯ ಶಿವ ಹಿಂದೆ ಸಣ್ಣಗಾಗುತ್ತಾ ಹೆಬ್ಬೆರಳಿನಷ್ಟಾದ. ಅತ್ತಿಗೆ ಡೀಸೆಲ್ ವಾಸನೆಗೆ ಎರಡು ಸಲ ವಾಂತಿ ಮಾಡಿದಳು. ದೂರದ ಗೆರೆ ನೋಡ್ತಾ ಗಾಳಿಗೆ ಮುಖ ಕೊಟ್ಟು ಕೂತವರಿಗೆ ಏನೂ ಆಗಲಿಲ್ಲ. ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು, ಮಾತಿಲ್ಲದೆ.

ನೀರಿಗಿಳಿಯುವ ಮೊದಲು ಕೈಸನ್ನೆ ಕಲಿಸಿದರು. ಹೆಬ್ಬೆರಳು ಮೇಲೆತ್ತಿದರೆ "ಚೊಲೋ ಇದ್ದು" ಅಂತ ಅಲ್ಲ, "ಮೇಲೆ ಹೋಗೋಣ" ಅಂತ! ಚೊಲೋ ಇದ್ದರೆ ಹೆಬ್ಬೆರಳು, ತೋರುಬೆರಳು ಸೇರಿಸಿ ಉರುಟು ಮಾಡಬೇಕು. ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು.

ಇಳಿದೆ. ಮೊದಲು ಹೆದರಿಕೆಗೆ ಬಾಯಲ್ಲಿ ಉಸಿರಾಡುವುದೇ ಮರೆತು ಹೋಯಿತು. ಕಲಿಸುವ ಹುಡುಗ ನನ್ನ ಕೈ ಒತ್ತಿ, ತನ್ನ ಎದೆ ತೋರಿಸಿ, ನಿಧಾನ ಅಂತ ಸನ್ನೆ ಮಾಡಿದ. ಆಮೇಲೆ ಕಿವಿಗೆ ಬೀಳುವುದು ನಮ್ಮ ಉಸಿರಿನ ಶಬ್ದ ಒಂದೇ. ಎಳೆದಾಗ ಒಂದು ಸಿಳ್ಳೆ, ಬಿಟ್ಟಾಗ ಗುಳುಗುಳು. ನನಗೆ ಅಕ್ಕನ ನೆನಪೇ ಆಗ್ತಾ ಇತ್ತು.

ಮೇಲೆ ಬಂದಾಗ ಅಕ್ಕ ದೋಣಿಯ ಅಂಚಿನಲ್ಲಿ ಬಗ್ಗಿ ಕಾಯ್ತಾ ಇದ್ದಳು. "ಎಂತೆಲ್ಲ ಕಂಡ್ತು?" ಅಂದಳು. ಅವಳಿಗೆ ಬೇಜಾರಾಗಬಾರದು ಹೇಳಿ, "ಎಂತೂ ಇಲ್ಲೆ, ಬರೀ ನೀರು, ಕಲ್ಲು" ಅಂದೆ.

"ಸುಳ್ಳು ಹೇಳಡ. ಫಾರ್ಮಲ್ಲಿ ಖರೆ ಬರದ್ದೆ ಅಲ್ದ, ಈಗ್ಲೂ ಖರೆ ಹೇಳು."

ಹೇಳಿದೆ. ಹವಳದ ಕಲ್ಲನ್ನು ಕಟಕಟ ಕಡಿಯುವ ಗಿಳಿಮೀನು, ಸಂದಿಯಿಂದ ಬಾಯಿ ತೆರೆದು ನೋಡಿದ ಹಾವಿನಂಥ ಮೀನು, ಹಳದಿ ಪಟ್ಟೆಯ ಚಿಟ್ಟೆಮೀನಿನ ಜೋಡಿ, ನಮ್ಮ ತಲೆ ಮೇಲೆ ಹಾದು ಹೋದ ಹಿಂಡಿಗೆ ಬಿಸಿಲು ಬಿದ್ದದ್ದು, ಒಂದೂ ಬಿಡದೆ. ಅವಳು ಕೇಳಿದಳು. ಆಮೇಲೆ ಎದ್ದು ಜಾಕೆಟಿನ ಪಟ್ಟಿ ಬಿಗಿ ಮಾಡಿಕೊಂಡು, "ಈಗ ಯನ್ನ ಇಳಿಸು" ಅಂತ ಆ ಹುಡುಗನಿಗೆ ಹೇಳಿದಳು.

ಹತ್ತು ನಿಮಿಷ ಟ್ಯೂಬ್ ಹಿಡಕೊಂಡು ತೇಲಿದಳು, ಮುಖ ನೀರೊಳಗೆ. ನಾನು ಪಂಪ್ ಕೈಯಲ್ಲಿ ಹಿಡಕೊಂಡು ಏಣಿ ಹತ್ತಿರ ನಿಂತಿದ್ದೆ. ಮೇಲೆ ಬಂದವಳ ಕಣ್ಣು ಕೆಂಪಗಿತ್ತು, ಉಪ್ಪುನೀರಿಗೋ ಏನೋ.

"ಆಮೆ ಕಂಡ್ತು" ಅಂದಳು. "ನಿಂಗೆ ಕಂಡ್ತಾ?"

ನನಗೆ ಕಂಡಿರಲಿಲ್ಲ. ಕೆಳಗಿಂದ ಮೆಲ್ಲಗೆ ಎದ್ದು ಬಂದು, ಅವಳಿಂದ ಎರಡು ಮಾರು ದೂರದಲ್ಲಿ ಮೂತಿ ಹೊರಗೆ ಹಾಕಿ ಉಸಿರು ತೆಗೆದುಕೊಂಡು ಮತ್ತೆ ಇಳಿಯಿತಂತೆ. ರಾತ್ರಿ ಊಟಕ್ಕೆ ಕೂತಾಗ ಅದನ್ನು ಮೂರು ಸಲ ಹೇಳಿದಳು. ಮೂರನೇ ಸಲ ಹೇಳುವಾಗ ನನ್ನ ಬಾಳೆಗೆ ಕೇಳದೆಯೇ ಇನ್ನೊಂದು ಸೌಟು ಅಪ್ಪೆಹುಳಿ ಬಡಿಸಿದಳು.

ನಿಂಗಳಲ್ಲಿ ಯಾರಾದರೂ ಹೋಗುವವರಿದ್ದರೆ ಹೇಳಿ, ದೋಣಿಯವರ ನಂಬರು ಕೊಡ್ತೇನೆ. ಫಾರ್ಮು ಮಾತ್ರ ನಿಮ್ಮದು ನೀವೇ ತುಂಬಿ, ಖರೆ ತುಂಬಿ. ನನ್ನ ಹತ್ತಿರ ತುಂಬಿಸಿದರೆ ನಾನು ತಿದ್ದುವವಳೇ.