ಬಾಗಿಲಿಲ್ಲದ ಎರಡು ವಾರ

ಐದನೇ ಸೆಮ್ ಎಕ್ಸಾಂ ಮುಗಿಸಿ ಮನೆಗೆ ಹೋದರೆ ನನ್ನ ರೂಮಿಗೆ ಬಾಗಿಲೇ ಇರಲಿಲ್ಲ. ಅಮ್ಮ ಹಳೇ ಬೆಡ್‌ಶೀಟ್ ಇಳಿಬಿಟ್ಟಿದ್ದರು. ಯಲಹಂಕ ಉಪನಗರದ ನಮ್ಮ ಹಳೇ ಮನೆಗೆ ರಿಪೇರಿ ನಡೀತಿತ್ತು. ತಾತ ಮಾಡಿಸಿದ್ದ ಎರಡು ತೇಗದ ಬಾಗಿಲು ಪಾಲಿಶ್‌ಗೆ ಅಂತ ಬಡಗಿಯ ಶೆಡ್‌ಗೆ ಹೋಗಿದ್ದವು.

ಕೆಲಸವೆಲ್ಲ ಒಬ್ಬ ಕಂಟ್ರಾಕ್ಟರ್‌ಗೆ ಒಪ್ಪಿಸಿದ್ದು. ಒಟ್ಟು 4,80,000ಕ್ಕೆ ಮಾತು. ಅಪ್ಪ 4,10,000 ಕೊಟ್ಟಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಟೈಲ್ಸ್ ಮೇಸ್ತ್ರಿ ಗೇಟ್ ಹತ್ತಿರ ಬಂದು ನಿಂತರು. "ಸಾರ್, ನನಗೆ 38,000 ಬರಬೇಕು. ಅವರು ಫೋನ್ ಎತ್ತುತ್ತಿಲ್ಲ."

"ನಾನು ಅವರಿಗೆ ಕೊಟ್ಟಾಯ್ತಲ್ಲಪ್ಪ, ಅವರನ್ನೇ ಕೇಳಿ" ಅಂದರು ಅಪ್ಪ.

ಮೇಸ್ತ್ರಿ ಜಗಳ ಆಡಲಿಲ್ಲ. "ಹಾಕಿದ ಟೈಲ್ಸ್ ಕಿತ್ಕೊಂಡು ಹೋಗೋಕಾಗುತ್ತಾ ಸಾರ್?" ಅಂತಷ್ಟೇ ಕೇಳಿ ಹೊರಟರು.

ಅದೇ ಸಂಜೆ ಬಡಗಿಯ ಫೋನ್. ಅವರ ಬಾಕಿ 14,000. ಅದು ಬರೋವರೆಗೂ ಬಾಗಿಲು ಕೊಡಲ್ಲ ಅಂದರು. ಅಪ್ಪನಿಗೆ ಸಿಟ್ಟು ಬಂತು. ಪಕ್ಕದ ಮನೆಯ ವಕೀಲ ಅಂಕಲ್ ಹತ್ತಿರ ಹೋದ್ವಿ.

ಅಂಕಲ್ ಹೇಳಿದ್ದು ಇಷ್ಟು. 1872ರ ಕಾಂಟ್ರಾಕ್ಟ್ ಆ್ಯಕ್ಟ್‌ನ ಸೆಕ್ಷನ್ 170ರ ಪ್ರಕಾರ, ಕೊಟ್ಟ ವಸ್ತುವಿನ ಮೇಲೆ ದುಡಿದವನು ಕೂಲಿ ಬರೋವರೆಗೂ ಅದನ್ನು ಹಿಡಿದಿಟ್ಟುಕೊಳ್ಳಬಹುದು. ಕಾಯ್ದೆಯೇ ಕೊಡೋ ಉದಾಹರಣೆ, ವಜ್ರ ಕತ್ತರಿಸಿ ಪಾಲಿಶ್ ಮಾಡಿದ ವ್ಯಾಪಾರಿಯದ್ದು. ಅಮೆರಿಕದಲ್ಲಿ ಮನೆ ಮೇಲೇ ಇಂಥ ಹಕ್ಕು ದಾಖಲಿಸಬಹುದಂತೆ. 1791ರಲ್ಲಿ ವಾಷಿಂಗ್ಟನ್ ನಗರ ಕಟ್ಟುವಾಗ ಮೇರಿಲ್ಯಾಂಡ್ ರಾಜ್ಯ ಅದಕ್ಕೆ ಕಾನೂನು ಮಾಡಿತ್ತು. ನಮ್ಮಲ್ಲಿ ಹಾಗಿಲ್ಲ. ಮೇಸ್ತ್ರಿಯ ಒಪ್ಪಂದ ಕಂಟ್ರಾಕ್ಟರ್ ಜೊತೆ, ಹಾಗಾಗಿ ಅವರು ಮೊದಲು ಕೇಳಬೇಕಾದ್ದೂ ಅವರನ್ನೇ.

ಅಂದರೆ ಬಡಗಿ ಕೈಯಲ್ಲಿ ಬಾಗಿಲಿದೆ, ಮೇಸ್ತ್ರಿ ಕೈಯಲ್ಲಿ ಏನೂ ಇಲ್ಲ. ಅವರ ಕೆಲಸ ನಮ್ಮ ಕಾಲ ಕೆಳಗೇ ಅಂಟಿಕೊಂಡಿದೆ. ಆ ರಾತ್ರಿ ಹೊಸ ನೆಲದ ಮೇಲೆ ಓಡಾಡೋಕೆ ನನಗೆ ಒಂಥರಾ ಆಯ್ತು.

ಪುಣ್ಯಕ್ಕೆ ಅಪ್ಪನ ಹತ್ತಿರ ಇನ್ನೂ 70,000 ಉಳಿದಿತ್ತು. "ಇಬ್ಬರ ಲೆಕ್ಕ ಚುಕ್ತಾ ಆಗದೆ ಕೊನೇ ಕಂತು ಇಲ್ಲ" ಅಂತ ಕಂಟ್ರಾಕ್ಟರ್‌ಗೆ ಮೆಸೇಜ್ ಹಾಕಿದರು. ಮೂರನೇ ದಿನ ಅವರೇ ಬಂದರು. ಇನ್ನೊಂದು ಸೈಟಿನಲ್ಲಿ ದುಡ್ಡು ಸಿಕ್ಕಿಹಾಕಿಕೊಂಡಿತ್ತಂತೆ. ಅಂಕಲ್ ಒಂದು ಹಾಳೆ ಬರೆದರು: 52,000 ನೇರವಾಗಿ ಇಬ್ಬರಿಗೆ, ಉಳಿದ 18,000 ಕಂಟ್ರಾಕ್ಟರ್‌ಗೆ, ಯಾರಿಗೂ ಬಾಕಿ ಇಲ್ಲ. ನಾಲ್ಕೂ ಜನ ಸಹಿ ಹಾಕಿದರು. ಆ ಹಾಳೆ ಇಲ್ಲದೆ ಅಪ್ಪ ಮೇಸ್ತ್ರಿಗೆ ತಾವೇ ಕೊಟ್ಟಿದ್ದರೆ, ನಾಳೆ ಕಂಟ್ರಾಕ್ಟರ್ ಅದೇ ದುಡ್ಡು ಮತ್ತೆ ಕೇಳಬಹುದಿತ್ತು.

ನಿಮ್ಮ ಮನೆಯಲ್ಲೂ ಕೆಲಸ ಶುರುವಾದರೆ ಮೊದಲೇ ಕೇಳಿ: ಯಾರ್ಯಾರು ಬರ್ತಾರೆ, ಯಾರಿಗೆಷ್ಟು? ಅದನ್ನು ಒಪ್ಪಂದದಲ್ಲೇ ಬರೆಸಿ. ಹಿಂದಿನ ಕಂತು ಕೆಲಸಗಾರರಿಗೆ ಮುಟ್ಟಿದ ರಸೀದಿ ನೋಡಿ ಮುಂದಿನದು ಕೊಡಿ. ಕೊನೆಗೆ ಒಂದಿಷ್ಟು ಕೈಯಲ್ಲಿರಲಿ.

ಬಾಗಿಲು ಬಂತು. ಮೇಸ್ತ್ರಿ ದುಡ್ಡು ಎಣಿಸಿ ಜೇಬಿಗಿಟ್ಟುಕೊಂಡು, ಹೋಗುವಾಗ ಬಾತ್‌ರೂಮ್ ಮೂಲೆಯ ಒಂದು ಟೈಲ್ ತಟ್ಟಿ ನೋಡಿದರು. "ಇದು ಟೊಳ್ಳು ಸದ್ದು ಮಾಡ್ತಿದೆ ಸಾರ್, ನಾಳೆ ಬಂದು ಸರಿ ಮಾಡ್ತೀನಿ" ಅಂದರು. ಮಾರನೇ ದಿನ ಬಂದೂ ಬಂದರು.