ಇಬ್ಬರಿಗೊಂದು ಮೇಜು

ಊಟ-ತಿಂಡಿ ಸಿಗುವ ಜಾಗವನ್ನೆಲ್ಲ ಕನ್ನಡಿಗರು ಹೋಟೆಲ್ ಎಂದೇ ಕರೆಯುತ್ತಾರೆ. ಮಲಗಲು ಹಾಸಿಗೆ ಕೊಡದ, ನಿಂತುಕೊಂಡೇ ಇಡ್ಲಿ ತಿಂದು ಹೊರಡಬೇಕಾದ ನಾಲ್ಕಡಿ ಅಗಲದ ಅಂಗಡಿಯೂ ನಮ್ಮ ಲೆಕ್ಕದಲ್ಲಿ ಹೋಟೆಲೇ. ಮಾತು ಮಾತ್ರ ಫ್ರೆಂಚರದು; ರೋಗಿಗಳನ್ನು ಸೇರಿಸಿಕೊಳ್ಳುವ ಹಾಸ್ಪಿಟಲ್ ಕೂಡ ಅದೇ ಲ್ಯಾಟಿನ್ ಬೇರಿನಿಂದ ಒಡೆದ ಇನ್ನೊಂದು ಕೊಂಬೆ. ರೆಸ್ಟೋರೆಂಟ್ ಎಂಬ ಮಾತಿನ ಚರಿತ್ರೆ ಇದಕ್ಕಿಂತ ಸ್ವಾರಸ್ಯದ್ದು. ಮೊದಲಿಗೆ ಅದು ಜಾಗದ ಹೆಸರಾಗಿರಲಿಲ್ಲ, ನಿತ್ರಾಣರಾದವರಿಗೆ ಬಲ ಮರಳಿಸುವ ಒಂದು ತಿಳಿಸಾರಿನ ಹೆಸರಾಗಿತ್ತು. 1760ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಈ ಸಾರನ್ನು ಮಾರುವ ಅಂಗಡಿಗಳು ಎದ್ದವು. ಸಾರಿನ ಹೆಸರು ಅಂಗಡಿಗೆ ಅಂಟಿಕೊಂಡಿತು.

ಅದಕ್ಕೆ ಮುಂಚೆ ಮನೆಯ ಹೊರಗೆ ಉಣ್ಣುವವರು ಗೊತ್ತಾದ ಹೊತ್ತಿಗೆ ಹೋಗಿ, ಉದ್ದನೆಯ ಮೇಜಿನ ಸುತ್ತ ಅಪರಿಚಿತರ ಜೊತೆ ಕುಳಿತು, ಇಟ್ಟದ್ದನ್ನು ತಿಂದು ಏಳಬೇಕಾಗಿತ್ತು. ಹೊಸ ಅಂಗಡಿಗಳು ಬೇಕಾದ ಹೊತ್ತಿಗೆ ಬಂದು, ಬೆಲೆ ಬರೆದ ಪಟ್ಟಿಯಿಂದ ಬೇಕಾದುದನ್ನು ಆರಿಸಿ, ತಮ್ಮದೇ ಪ್ರತ್ಯೇಕ ಸಣ್ಣ ಮೇಜಿನ ಮುಂದೆ ಕುಳಿತುಕೊಳ್ಳುವ ಅನುಕೂಲವನ್ನು ಕೊಟ್ಟವು. ಫ್ರೆಂಚರ ಅಡುಗೆಯನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಅವರು ಲೋಕಕ್ಕೆ ಕೊಟ್ಟ ದೊಡ್ಡ ಕೊಡುಗೆ ಈ ಸಣ್ಣ ಮೇಜು ಎಂಬುದು ನಮ್ಮ ಅಭಿಪ್ರಾಯ.

ಈ ಬರಹದಲ್ಲಿ ನಾವು ಎಂದರೆ ಗಂಡ ಹೆಂಡತಿ ಇಬ್ಬರು. ಒಬ್ಬರು ಧಾರವಾಡದವರು, ಇನ್ನೊಬ್ಬರು ಕುಂದಾಪುರದ ಕಡೆಯವರು. ಧಾರವಾಡದವರು ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಕೇಂದ್ರ ಸರ್ಕಾರದ ನೌಕರಿ ಹಿಡಿದವರು; ಬಹುಕಾಲ ಅವರ ಕಚೇರಿ ಇದ್ದದ್ದು ನವಿಮುಂಬಯಿಯ ಬೇಲಾಪುರದಲ್ಲಿ. ಕರಾವಳಿಯವರು ಕಲ್ಯಾಣದ ಕಾಲೇಜೊಂದರಲ್ಲಿ ಗ್ರಂಥಪಾಲಕರು. ಮನೆ ಡೊಂಬಿವಲಿಯಲ್ಲಿ. ಬೆಳಿಗ್ಗೆ ಒಬ್ಬರು ಥಾಣೆಯ ಕಡೆಗೆ ಹೋಗುವ ಗಾಡಿಯ ಬಾಗಿಲಲ್ಲಿ ಜೀವ ಹಿಡಿದು ನಿಂತು, ಥಾಣೆಯಲ್ಲಿ ಇಳಿದು ಪನವೇಲಿನ ಗಾಡಿ ಹಿಡಿಯುವರು; ಇನ್ನೊಬ್ಬರು ಎದುರು ದಿಕ್ಕಿನ ಅರೆಖಾಲಿ ಗಾಡಿಯಲ್ಲಿ ಕಿಟಕಿಯ ಪಕ್ಕ ಕುಳಿತು ಪತ್ರಿಕೆ ಓದುತ್ತ ಹೋಗುವರು. ಈ ಅಸಮಾನತೆಯ ಬಗ್ಗೆ ನಮ್ಮ ಮನೆಯಲ್ಲಿ ಸಾಕಷ್ಟು ಚರ್ಚೆ ನಡೆದಿದೆ.

ಮನೆ ಎಂದರೆ ಒಂದು ಹಜಾರ, ಒಂದು ಮಲಗುವ ಕೋಣೆ, ಒಂದು ಅಡುಗೆಮನೆ. ಹಜಾರದಲ್ಲಿ ಕರಾವಳಿಯವರ ತಂದೆ, ಕೋಣೆಯಲ್ಲಿ ಪರೀಕ್ಷೆಗೆ ಓದುವ ಮಗಳು. ಗಂಡ ಹೆಂಡತಿ ಮಾತಾಡಬೇಕಾದರೆ ಉಳಿಯುವುದು ಅಡುಗೆಮನೆ. ಆದರೆ ಅಡುಗೆಮನೆ ನಮ್ಮಲ್ಲಿ ತಟಸ್ಥ ಪ್ರದೇಶವಲ್ಲ. ಕುಚ್ಚಲಕ್ಕಿಯ ಅನ್ನವೋ ಜೋಳದ ರೊಟ್ಟಿಯೋ, ಚಟ್ನಿಗೆ ತೆಂಗಿನಕಾಯಿಯೋ ಶೇಂಗಾ ಪುಡಿಯೋ, ಮೀನು ಬೇಯುವ ದಿನ ಯಾವ ಪಾತ್ರೆ, ಯಾವ ಒಲೆ ಎಂಬ ಎಲ್ಲ ಪ್ರಶ್ನೆಗಳ ಹಿಂದೆಯೂ ಇಬ್ಬರು ತಾಯಂದಿರು ನಿಂತಿದ್ದಾರೆ. ಇಬ್ಬರೂ ಈಗ ಇಲ್ಲ. ಇಲ್ಲವಾದ ಮೇಲೆ ಅವರ ಕೈರುಚಿ ಇನ್ನಷ್ಟು ಏರಿದೆ. ಸಾರಿಗೆ ಬೆಲ್ಲ ಹಾಕಿದರೆ ಒಬ್ಬರ ತಾಯಿಯನ್ನು ನೆನೆದಂತೆ, ಹಾಕದಿದ್ದರೆ ಇನ್ನೊಬ್ಬರ ತಾಯಿಯನ್ನು ಮರೆತಂತೆ. ಹೊರನಾಡಿನಲ್ಲಿ ಸಂಸಾರ ಹೂಡಿದ ಕನ್ನಡಿಗ ದಂಪತಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಭಾಷೆಯವರು ಎಂಬ ಸಂತೋಷದಲ್ಲಿ ಮದುವೆಯಾದವರಿಗೆ ಊಟದ ಹೊತ್ತಿಗೆ ಕರ್ನಾಟಕ ಎಷ್ಟು ವಿಶಾಲವೆಂಬುದು ಅರ್ಥವಾಗುತ್ತದೆ.

ಆದ್ದರಿಂದ ನಮಗೆ ಬೇಕಾಗಿದ್ದದ್ದು ಇಬ್ಬರ ತಾಯಂದಿರೂ ಎಂದೂ ಮಾಡಿರದ ಅಡುಗೆ. ಅದು ಸಿಕ್ಕಿದ್ದು 2016ರಲ್ಲಿ. ಆ ವರ್ಷದ ಆಗಸ್ಟ್ ಸಂಬಳದ ಜೊತೆ ಏಳನೆಯ ವೇತನ ಆಯೋಗದ ಹಿಂಬಾಕಿ ಕೈಸೇರಿತ್ತು. ಮುಂಬಯಿಯ ದಕ್ಷಿಣ ತುದಿಯ ಒಂದು ಫ್ರೆಂಚ್ ರೆಸ್ಟೋರೆಂಟಿಗೆ ಹೋಗಿ ಕೂತೆವು. ಅಂದಿನಿಂದ ವರ್ಷಕ್ಕೆ ಎರಡು ಸಲ, ತುಟ್ಟಿಭತ್ಯೆಯ ಹಿಂಬಾಕಿ ಬಂದಾಗಲೆಲ್ಲ ಹೋಗುವುದೆಂದು ಗೊತ್ತುಮಾಡಿಕೊಂಡೆವು. ಜನವರಿಯ ಏರಿಕೆಯ ಹಣ ಮಾರ್ಚ್-ಏಪ್ರಿಲಿನಲ್ಲಿ, ಜುಲೈಯದು ದೀಪಾವಳಿಯ ಆಸುಪಾಸಿನಲ್ಲಿ ಬರುವುದು ರೂಢಿ. ಸರ್ಕಾರ 2020ರ ಜನವರಿಯಿಂದ 18 ತಿಂಗಳ ಏರಿಕೆಯನ್ನು ತಡೆಹಿಡಿದಾಗ ನಮ್ಮ ವ್ರತಕ್ಕೂ ಭಂಗ ಬಂತು. ಆ ಕಾಲದಲ್ಲಿ ರೆಸ್ಟೋರೆಂಟುಗಳೂ ಬಾಗಿಲು ಮುಚ್ಚಿದ್ದವೆನ್ನಿ. ಆ 18 ತಿಂಗಳ ಹಿಂಬಾಕಿ ಮಾತ್ರ ಬರಲೇ ಇಲ್ಲ.

ಇಷ್ಟು ದೂರ ಏಕೆ ಹೋಗಬೇಕೆಂದು ಓದುಗರು ಕೇಳಬಹುದು. ಥಾಣೆಯ ಘೋಡ್‌ಬಂದರ್ ರಸ್ತೆಯ ಮಾಲುಗಳಲ್ಲಾಗಲಿ, ನಿಲ್ದಾಣದ ನೆತ್ತಿಯ ಮೇಲೆಯೇ ಕಟ್ಟಿದ ಸೀವುಡ್ಸ್ ಮಾಲಿನಲ್ಲಾಗಲಿ ಫ್ರೆಂಚ್ ಹೆಸರಿನ ತಿನಿಸುಗಳಿಗೆ ಕೊರತೆಯಿಲ್ಲ. ಆದರೆ ನಾವು ಕಂಡಂತೆ ನಮ್ಮ ಕಡೆ ಫ್ರಾನ್ಸ್ ಬಂದಿರುವುದು ಬೇಕರಿಯ ವೇಷದಲ್ಲಿ. ಕ್ರುವಾಸಾಂ ಎಂಬುದನ್ನು ಗಾಜಿನ ಪೆಟ್ಟಿಗೆಯ ಹಿಂದಿನ ಹುಡುಗ ಅಕ್ಷರ ಬಿಡದೆ ಉಚ್ಚರಿಸಿ, ಬಿಸಿ ಮಾಡಿ, ಕಾಗದದಲ್ಲಿ ಸುತ್ತಿ ಕೊಡುತ್ತಾನೆ, ತಿಂದು ಏಳಬೇಕು. ಪಕ್ಕದಲ್ಲಿ ತಟ್ಟೆ ಹಿಡಿದ ಒಂದು ಸಂಸಾರ ನಮ್ಮ ಕುರ್ಚಿಯನ್ನೇ ನೋಡುತ್ತ ನಿಂತಿರುತ್ತದೆ. ನಮಗೆ ಬೇಕಾಗಿದ್ದದ್ದು ಯಾರೂ ನೋಡದ ಕುರ್ಚಿಗಳು. ಅವು ಸಿಗುವುದು ಮುಂಬಯಿಯ ದುಬಾರಿ ಭಾಗದಲ್ಲಿ. ಭಾನುವಾರ ಮಧ್ಯ ರೈಲ್ವೆಯ ಮೆಗಾಬ್ಲಾಕ್ ಇರುತ್ತದಾದ್ದರಿಂದ ಶನಿವಾರ ಸಂಜೆಯೇ ಹೊರಡಬೇಕು. ವಾಪಸು ಬರುವಾಗ ಗಾಡಿಯಲ್ಲಿ ಸೀಟು ಸಿಗಲು ಹತ್ತೂವರೆ ದಾಟಬೇಕು. ಅಷ್ಟು ಹೊತ್ತು ಮೇಜನ್ನು ಬಿಟ್ಟೇಳದೆ ಇರುವುದಕ್ಕೆ ಇದೂ ಒಂದು ಕಾರಣವೆಂದು ಒಪ್ಪಿಕೊಳ್ಳಬೇಕು.

ಊಟದ ವಿಚಾರವನ್ನೂ ಸ್ವಲ್ಪ ಹೇಳಬೇಕು. ಧಾರವಾಡದವರು ಸಸ್ಯಾಹಾರಿ. ಫ್ರೆಂಚರ ಅಡುಗೆಯಲ್ಲಿ ಸಸ್ಯಾಹಾರಿಯಾಗಿರುವುದು ಒಂದು ಬಗೆಯ ಪತ್ತೇದಾರಿ ಕೆಲಸ. ಹೆಸರಿನಲ್ಲಿ ಈರುಳ್ಳಿ ಮಾತ್ರ ಕಾಣುವ ಅವರ ಪ್ರಸಿದ್ಧ ಸೂಪನ್ನು ಕಟ್ಟುವುದು ಸಂಪ್ರದಾಯದಂತೆ ದನದ ಮಾಂಸದ ರಸದಿಂದ. ಎಷ್ಟೋ ಚೀಸುಗಳನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯ ರಸದಿಂದ. ಕೇಳಿ, ಮತ್ತೊಮ್ಮೆ ಕೇಳಿ, ಒಳಗೆ ಹೋಗಿ ಕೇಳಿಕೊಂಡು ಬನ್ನಿ ಎಂದು ಕಳಿಸಿ ತಿನ್ನಬೇಕು. ಬದನೆ, ಟೊಮೆಟೊ, ದೊಣ್ಣೆಮೆಣಸಿನಕಾಯಿಗಳನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸುವ ದಕ್ಷಿಣ ಫ್ರಾನ್ಸಿನ ರಾಟಟೂಯಿ ಇಂಥವರ ಪಾಲಿನ ಆಪದ್ಬಾಂಧವ. ಕರಾವಳಿಯವರು ಮೀನು ತರಿಸುತ್ತಾರೆ. ಬೆಣ್ಣೆ, ನಿಂಬೆರಸ ಬಿಟ್ಟರೆ ಏನೂ ಇಲ್ಲದ ಮೀನಿನ ಮುಂದೆ ಮೊದಲ ಸಲ ಕೂತಾಗ ಅವರ ಮುಖ ನೋಡುವಂತಿತ್ತು. ಹುಣಸೆ, ಬ್ಯಾಡಗಿ ಇಲ್ಲದೆಯೂ ಮೀನಿಗೆ ತನ್ನದೊಂದು ರುಚಿಯಿದೆಯೆಂಬುದನ್ನು ಅವರು ಮೂರನೆಯ ಭೇಟಿಯಲ್ಲಿ ಒಪ್ಪಿದರು.

ಇಂಗ್ಲಿಷ್ ಎಂ.ಎ. ಉಪಯೋಗಕ್ಕೆ ಬರುವ ಅಪರೂಪದ ಜಾಗವೂ ಇದೇ. ವಾಲ್ಟರ್ ಸ್ಕಾಟನ ಐವನ್‌ಹೋ ಕಾದಂಬರಿಯ ಆರಂಭದಲ್ಲಿ ಒಬ್ಬ ವಿದೂಷಕ ಹಂದಿ ಕಾಯುವವನಿಗೆ ಪದಪಾಠ ಹೇಳುತ್ತಾನೆ. ಪ್ರಾಣಿ ಬದುಕಿದ್ದಾಗ, ಸ್ಯಾಕ್ಸನ್ ಆಳು ಅದನ್ನು ಮೇಯಿಸುವಾಗ, ಅದರ ಹೆಸರು ಇಂಗ್ಲಿಷ್; ಸತ್ತು ನಾರ್ಮನ್ ದೊರೆಯ ಮೇಜಿಗೆ ಬಂದಾಗ ಹೆಸರು ಫ್ರೆಂಚ್. ಕೌ ಬೀಫ್ ಆಗುವುದು, ಶೀಪ್ ಮಟನ್ ಆಗುವುದು ಹೀಗೆ. ಬೆವರು ಸುರಿಸಿದವನ ಭಾಷೆ ಕೊಟ್ಟಿಗೆಯಲ್ಲಿ, ಉಂಡವನ ಭಾಷೆ ಮೇಜಿನ ಮೇಲೆ. ಇದನ್ನು ನಾವು ಮನೆಗೆ ಬಂದು ಹೇಳಿದಾಗ ಹಜಾರದ ಹಿರಿಯರು, ಮುಂಬಯಿಯ ಹೋಟೆಲುಗಳಲ್ಲೂ ಹಾಗೇ ಇತ್ತು, ಒಳಗೆ ರುಬ್ಬುವಲ್ಲಿ ಕನ್ನಡ-ತುಳು, ಹೊರಗೆ ಬಡಿಸುವಲ್ಲಿ ಹಿಂದಿ-ಮರಾಠಿ ಎಂದರು.

ಅವರಿಗೆ ಗೊತ್ತಿರಲೇಬೇಕು. 1961ರಲ್ಲಿ, 13ನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಬಂದು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗನಾಗಿ ಸೇರಿದವರು ಅವರು. ಹಗಲು ಹೋಟೆಲು, ರಾತ್ರಿ ಕನ್ನಡದ ರಾತ್ರಿಶಾಲೆ. ಆ ಕಾಲದ ನೂರಾರು ಹುಡುಗರ ದಾರಿ ಅದೇ. ಮೇಜು ಒರೆಸುವುದರಿಂದ ಮಾಣಿಯಾಗಿ, ಮಾಣಿಯಿಂದ ಗಲ್ಲೆಗೆ ಏರಿ ನಿವೃತ್ತರಾದರು. ಅವರ ಪ್ರಕಾರ ಹೋಟೆಲೆಂದರೆ ಅಡುಗೆಯಲ್ಲ, ಕುರ್ಚಿ. ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ಒಂದು ಕುರ್ಚಿ ನಾಲ್ಕು ಸಲ ಖಾಲಿಯಾಗಬೇಕು. ಆಗ ಮಾತ್ರ ಊಟವನ್ನು ಆ ಬೆಲೆಗೆ ಕೊಡಲು ಸಾಧ್ಯ. ಗಿರಾಕಿ ಮಜ್ಜಿಗೆಯ ಲೋಟ ಎತ್ತಿದ ಕೂಡಲೇ ಬಿಲ್ಲು ಇಡುವುದು ಅಸಭ್ಯತೆಯಲ್ಲ, ಬಾಗಿಲಲ್ಲಿ ಕಾದು ನಿಂತವರ ಮೇಲಿನ ಕರುಣೆ. ಗಂಡ ಹೆಂಡತಿ ಬಂದರೆ ಫ್ಯಾಮಿಲಿ ರೂಮ್ ಎಂಬ ಪರದೆಯ ಗೂಡು ಇತ್ತು. ಅಲ್ಲಿಯೂ ಪರದೆಯ ಹೊರಗಿನಿಂದ ಮಾಣಿಯ ಕೆಮ್ಮು ಹತ್ತು ನಿಮಿಷಕ್ಕೊಮ್ಮೆ ಕೇಳಬೇಕೆಂಬುದು ಯಜಮಾನರ ಅಪ್ಪಣೆ.

ಆ ಊಟದ ಮೇಲೆ ನಮಗೆ ಅಗೌರವವಿಲ್ಲ. ಮಾಟುಂಗದ ನಿಲ್ದಾಣದ ಬಳಿ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಮುಂದೆ ಕೂತಾಗ ಆಗುವ ನೆಮ್ಮದಿ ಯಾವ ಬಿಳಿ ಮೇಜುಬಟ್ಟೆಯೂ ಕೊಡಲಾರದು. ಫ್ರೆಂಚರ ಊಟದ ಕ್ರಮವನ್ನು ಯುನೆಸ್ಕೊ 2010ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರ ಒಂದಾದ ಮೇಲೊಂದು ಬಡಿಸುವ ಪದ್ಧತಿಯನ್ನು ಹೊಗಳುವವರು ಮರೆಯುವ ಸಂಗತಿಯೆಂದರೆ, ಆ ಪದ್ಧತಿ 19ನೆಯ ಶತಮಾನದಲ್ಲಿ ರಷ್ಯಾದವರಿಂದ ಬಂದದ್ದು. ಅದಕ್ಕೆ ಮೊದಲು ಫ್ರಾನ್ಸಿನ ಔತಣಗಳಲ್ಲಿ ಹಲವು ಭಕ್ಷ್ಯಗಳನ್ನು ಒಟ್ಟಿಗೇ ಮೇಜಿನ ತುಂಬ ಹರಡುತ್ತಿದ್ದರು. ಉಪ್ಪು, ಉಪ್ಪಿನಕಾಯಿ, ಕೋಸಂಬರಿಯಿಂದ ಹೊರಟು ಸಾರು, ಹುಳಿ, ಪಾಯಸ, ಮಜ್ಜಿಗೆಗೆ ಮುಟ್ಟುವ ನಮ್ಮ ಎಲೆಯ ಊಟಕ್ಕೆ ಕ್ರಮವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಎಲೆಯ ಊಟದಲ್ಲಿ ಬಡಿಸುವವನು ವೇಗ ನಿರ್ಧರಿಸುತ್ತಾನೆ. ಪಂಕ್ತಿಯ ಜೊತೆ ಓಡಬೇಕು, ಪಂಕ್ತಿಯ ಜೊತೆ ಏಳಬೇಕು. ಪಕ್ಕದಲ್ಲಿ ಕೂತ ಸಂಗಾತಿಯ ಮುಖ ಕಾಣುವುದಿಲ್ಲ.

ಫ್ರೆಂಚ್ ರೆಸ್ಟೋರೆಂಟಿನ ಬಿಲ್ಲನ್ನು ಮೊದಲ ಸಲ ನೋಡಿ ಹಿರಿಯರು ಕನ್ನಡಕ ಸರಿಪಡಿಸಿಕೊಂಡರು. ಬೆಲೆಯಲ್ಲ ಅವರನ್ನು ತಟ್ಟಿದ್ದು. ಕೂತದ್ದು ಎಷ್ಟು ಹೊತ್ತು ಎಂದು ಕೇಳಿದರು. "ಎರಡ್ ಗಂಟೆ ಒಂದೇ ಮೇಜಲ್ಲಿ ಕೂತ್ರೆ ಧಣಿಗೆ ಎಂತ ಉಳಿತ್ ಮಕ್ಳೆ?" ಎಂದರು. ಆಮೇಲೆ ತಾವೇ ಲೆಕ್ಕ ಹಾಕಿ, ಒಂದು ಕುರ್ಚಿ ರಾತ್ರಿಗೆ ಒಂದೇ ಸಲ ಖಾಲಿಯಾಗುವುದಾದರೆ ಈ ಬೆಲೆ ಹೆಚ್ಚೇನಲ್ಲ ಎಂದು ತೀರ್ಪು ಕೊಟ್ಟರು. ನಮಗೆ ಆ ಬಿಲ್ಲು ಅರ್ಥವಾದದ್ದು ಅವರಿಂದ. ನಾವು ತೆತ್ತದ್ದು ರಾಟಟೂಯಿಗಲ್ಲ, ಕುರ್ಚಿಯ ಬಾಡಿಗೆ.

ಆ ಬಾಡಿಗೆ ಸಾರ್ಥಕವಾದ ಒಂದು ಸಂಜೆಯನ್ನು ಹೇಳಬೇಕು. ಕಳೆದ ವರ್ಷ ಧಾರವಾಡದವರಿಗೆ ಬಡ್ತಿಯ ಆದೇಶ ಬಂತು, ನಾಗಪುರಕ್ಕೆ ವರ್ಗಾವಣೆಯ ಸಹಿತ. ಕೇಂದ್ರ ಸರ್ಕಾರದ ನಿಯಮದಂತೆ ಬಡ್ತಿಯನ್ನು ನಿರಾಕರಿಸಿದರೆ ಒಂದು ವರ್ಷ ಮತ್ತೆ ಆ ಅವಕಾಶ ಬರುವುದಿಲ್ಲ. ಹಿಂದಿನವರು ಮುಂದೆ ಹೋಗುತ್ತಾರೆ. ಆದೇಶದ ಪ್ರತಿ ಹತ್ತು ದಿನ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಮನೆಯಲ್ಲಿ ಅದರ ಬಗ್ಗೆ ಮಾತು ಬಂದಾಗಲೆಲ್ಲ ಬಂದದ್ದು ಪ್ರಶ್ನೆಗಳೇ. ಬೆಳಗಿನ ಡಬ್ಬಿಗಳನ್ನು ಕಟ್ಟುವವರಾರು? ಹಿರಿಯರನ್ನು ವೈದ್ಯರಲ್ಲಿಗೆ ಕರೆದೊಯ್ಯುವವರಾರು? ಮಗಳ ಹತ್ತನೆಯ ತರಗತಿ? ಇವು ಅಡುಗೆಮನೆಯ ಪ್ರಶ್ನೆಗಳು, ಎಲ್ಲವೂ ನ್ಯಾಯವಾದವು, ಮತ್ತು ಎಲ್ಲವೂ ಒಬ್ಬರ ಕಡೆಗೇ ತಿರುಗಿದ್ದವು.

ಆ ಸಲ ಹಿಂಬಾಕಿ ಇನ್ನೂ ಬಂದಿರಲಿಲ್ಲ, ಆದರೂ ಹೋದೆವು. ಸೂಪು ಬಂದು ಹೋಯಿತು. ಮುಂದಿನದು ಬರುವುದು ತಡವಾಯಿತು. ಅಲ್ಲಿ ಯಾವಾಗಲೂ ತಡವೇ. ಕೈಗೆ ಕೆಲಸವಿಲ್ಲ, ಎದುರಿನ ಮುಖ ಬಿಟ್ಟು ನೋಡಲು ಬೇರೇನೂ ಇಲ್ಲ. ಆಗ ಕರಾವಳಿಯವರು, "ಬೇರೆ ಎಲ್ಲ ಬಿಡು, ನಿಂಗೆ ಹೋಗ್ಬೇಕು ಅಂತ ಆಸೆ ಉಂಟಾ?" ಎಂದು ಕೇಳಿದರು. ಹತ್ತು ದಿನಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ವೇಟರ್ ತಟ್ಟೆಗಳನ್ನು ತಂದವನು ನಮ್ಮ ಮುಖ ನೋಡಿ ಸದ್ದಿಲ್ಲದೆ ಇಟ್ಟು ಹೋದ. "ಅದ. ಭಾಳ ಆಸೆ ಅದ" ಎಂದರು ಧಾರವಾಡದವರು. ಉಳಿದದ್ದು ಬರೀ ಏರ್ಪಾಟು. ಅಡುಗೆಗೆ ಬೆಳಿಗ್ಗೆ ಒಬ್ಬರನ್ನು ಗೊತ್ತುಮಾಡುವುದು. ವೈದ್ಯರ ಭೇಟಿಯನ್ನು ಶನಿವಾರಕ್ಕೆ ಇಟ್ಟುಕೊಳ್ಳುವುದು. ವಿದರ್ಭ ಎಕ್ಸ್‌ಪ್ರೆಸ್ ಕಲ್ಯಾಣದಲ್ಲಿ ನಿಲ್ಲುತ್ತದೆ, ಒಂದು ರಾತ್ರಿಯ ದಾರಿ. ಕರಾವಳಿಯವರು ಇದನ್ನೆಲ್ಲ ಕೈಒರೆಸುವ ಕಾಗದದ ಮೇಲೆ ಬರೆದುಕೊಂಡರು. ಕೊನೆಯಲ್ಲಿ ಬಂದ ಸೂಫ್ಲೆ ಮಾತಿನ ನಡುವೆ ಕುಸಿದು ತಟ್ಟೆಯ ಮಟ್ಟಕ್ಕಿಳಿದಿತ್ತು. ಅದು ಬಂದ ಕೂಡಲೇ ತಿನ್ನಬೇಕಾದ ಪದಾರ್ಥ.

ಈಗ ಹಿಂಬಾಕಿಯ ಹೆಚ್ಚಿನ ಪಾಲು ರೈಲಿನ ಟಿಕೆಟಿಗೆ ಹೋಗುತ್ತದೆ. ಈ ದೀಪಾವಳಿಗೆ ಧಾರವಾಡದವರು ಬಂದಾಗ ಹಿರಿಯರು ತಾವೂ ಒಮ್ಮೆ ಆ ಫ್ರೆಂಚ್ ಊಟ ನೋಡಬೇಕೆಂದರು. 77ರ ವಯಸ್ಸಿನಲ್ಲಿ ಅವರನ್ನು ದಕ್ಷಿಣ ಮುಂಬಯಿಗೆ ಗಾಡಿ ಹತ್ತಿಸುವ ಧೈರ್ಯವಾಗದೆ, ಟ್ಯಾಕ್ಸಿಯಲ್ಲಿ ಥಾಣೆಯ ಮಾಲೊಂದರ ಕ್ರೇಪ್ ಅಂಗಡಿಗೆ ಕರೆದೊಯ್ದೆವು. ಫ್ರಾನ್ಸಿನ ಬ್ರಿಟನಿ ಪ್ರಾಂತದಲ್ಲಿ ಹುಟ್ಟಿದ ತಿನಿಸು. ಅಲ್ಲಿಯವರು ಖಾರದ ಬಗೆಯನ್ನು ಉತ್ತರ ಭಾರತದಲ್ಲಿ ಉಪವಾಸಕ್ಕೆ ತಿನ್ನುವ ಕುಟ್ಟುವಿನ ಹಿಟ್ಟಿನಿಂದ ಮಾಡುತ್ತಾರೆ. 2011ರಲ್ಲಿ ಫ್ರಾನ್ಸಿನ ಮೂವರು ಸೇರಿ ಮುಂಬಯಿಯಲ್ಲಿ ಸೂಜೆಟ್ ತೆರೆದು ಇದರ ರುಚಿ ಹತ್ತಿಸಿದರು.

ಹಿರಿಯರು ಮೇಜಿಗೆ ಬರಲಿಲ್ಲ. ಕಾವಲಿಯ ಮುಂದೆ ನಿಂತುಬಿಟ್ಟರು. ಹುಡುಗ ಒಂದು ಸೌಟು ಹಿಟ್ಟು ಹುಯ್ದು, ಅಡ್ಡ ಕಡ್ಡಿ ಬಡಿದ ಸಣ್ಣ ಮರದ ಕೋಲನ್ನು ತಿರುಗಿಸಿ ಕಾಗದದಷ್ಟು ತೆಳ್ಳಗೆ ಹರಡಿದ. ಅವರ ಬಲಗೈ ತನ್ನಷ್ಟಕ್ಕೆ ಗಾಳಿಯಲ್ಲಿ ಸುತ್ತು ಹಾಕಿತು. ಹಿಟ್ಟು ಹುಳಿ ಬರಿಸುತ್ತೀರೋ ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲ ಎಂದ. ಗಂಟೆಗೆ ಎಷ್ಟು ತೆಗೆಯುತ್ತೀಯ ಎಂದು ಕೇಳಿದರು. ಮೂವತ್ತು ಎಂದ. ನಮ್ಮ ಕಡೆ ತಿರುಗಿ, "ಪಾಪ, ಎರಡನೇ ಕಾವಲಿ ಕೊಡ್ಲಿಲ್ಲ ಅವ್ನಿಗೆ" ಎಂದರು. ಹಿಂದೆ ಇನ್ನೂ ಐದಾರು ಜನ ಕಾಯುತ್ತಿದ್ದರು. ಅವರಿಗೆ ದಾರಿ ಬಿಡಬೇಕೆಂದು ಹೇಳಿ ಅವರನ್ನು ಮೇಜಿಗೆ ಕರೆತರಲು ನಮಗೆ ಮತ್ತೂ ಹತ್ತು ನಿಮಿಷ ಹಿಡಿಯಿತು.